ಸಿಲ್ವರ್‌ಮೂನ್: ಕೂಡದ ನಕ್ಷೆಯ ಊರು

ಹತ್ತೊಂಬತ್ತು ವರ್ಷದ ಹಿಂದೆ ಓಡಾಡಿದ ಬೀದಿಯಲ್ಲಿ ಕಳೆದ ನವೆಂಬರ್‌ನ ಒಂದು ರಾತ್ರಿ ಮತ್ತೆ ಹೋಗಿ ನಿಂತೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಹೊಸ ಎಕ್ಸ್‌ಪ್ಯಾನ್ಶನ್ ‘ಮಿಡ್‌ನೈಟ್’ 2026ರ ಮಾರ್ಚ್ 2ಕ್ಕೆ ತೆರೆಯಲಿದೆ. ಅದಕ್ಕೂ ಮುಂಚಿನ ಪರೀಕ್ಷೆಯ ಆಟಕ್ಕೆ, ಅಂದರೆ ಬೀಟಾಕ್ಕೆ, ನನಗೂ ಕರೆ ಬಂದಿತ್ತು. ಒಳಗೆ ಹೋದವಳು ಹೊಸ ರಾಕ್ಷಸರನ್ನೂ ಹೊಸ ಮಂತ್ರಗಳನ್ನೂ ನೋಡಲಿಲ್ಲ. ನೇರ ಸಿಲ್ವರ್‌ಮೂನ್ ಊರಿಗೆ ಹೋಗಿ, ಕೆಂಪು ಚಿನ್ನದ ಬಣ್ಣದ ಗೋಪುರಗಳನ್ನು ನೋಡುತ್ತಾ ಅರ್ಧ ಗಂಟೆ ಸುಮ್ಮನೆ ನಿಂತಿದ್ದೆ. ಆಟದೊಳಗಿನ ಊರಾದರೂ ಅದಕ್ಕೊಂದು ಚರಿತ್ರೆಯಿದೆ. ಅದು ಗೊತ್ತಿಲ್ಲದೆ ಈ ಎಕ್ಸ್‌ಪ್ಯಾನ್ಶನ್ ಏನು ಮಾಡಹೊರಟಿದೆ ಅನ್ನುವುದು ಅರ್ಥವಾಗುವುದಿಲ್ಲ.

ಸಿಲ್ವರ್‌ಮೂನ್ ಎಲ್ಫ್‌ಗಳ ರಾಜಧಾನಿ, ಕ್ವೆಲ್‌ಥಲಾಸ್ ಎಂಬ ನಾಡಿನ ಊರು. ಅದು ಹಾಳಾದದ್ದನ್ನು ನಾವು ಮೊದಲು ಕಂಡದ್ದು 2002ರ ‘ವಾರ್‌ಕ್ರಾಫ್ಟ್ 3’ರಲ್ಲಿ. ರಾಜಕುಮಾರ ಆರ್ಥಸ್ ಹೆಣಗಳ ಸೈನ್ಯ ಕಟ್ಟಿಕೊಂಡು ಬಂದು, ಊರು ಕಾಯುತ್ತಿದ್ದ ಸಿಲ್ವಾನಸ್‌ಳನ್ನು ಕೊಂದು, ಅವಳ ಆತ್ಮವನ್ನೇ ತನ್ನ ಆಳಾಗಿ ಮಾಡಿಕೊಳ್ಳುತ್ತಾನೆ. ಆ ಭಾಗದಲ್ಲಿ ಆರ್ಥಸ್‌ನನ್ನು ನಡೆಸುವವರು ಆಟಗಾರರೇ. ಊರನ್ನು ಸುಟ್ಟದ್ದು ನಮ್ಮದೇ ಕೈ. ಐದು ವರ್ಷದ ನಂತರ ಅದೇ ಊರಿನ ಮಗಳಾಗಿ ಹುಟ್ಟುವ ಅವಕಾಶ ಸಿಕ್ಕಿತು.

2007ರ ಜನವರಿ 16, ಸಂಕ್ರಾಂತಿ ಮುಗಿದ ವಾರ. ಆಟದ ಮೊದಲ ಎಕ್ಸ್‌ಪ್ಯಾನ್ಶನ್ ‘ದ ಬರ್ನಿಂಗ್ ಕ್ರುಸೇಡ್’ ಅವತ್ತು ಬಂತು. ಮೊದಲ ಒಂದೇ ದಿನದಲ್ಲಿ ಸುಮಾರು 24 ಲಕ್ಷ ಪ್ರತಿ ಮಾರಾಟವಾದವು. ಅದಕ್ಕೆ ಕೆಲವೇ ದಿನ ಮುಂಚೆ ಆಟಗಾರರ ಸಂಖ್ಯೆ 80 ಲಕ್ಷ ದಾಟಿದೆಯೆಂದು ತಯಾರಕರಾದ ಬ್ಲಿಝಾರ್ಡ್ ಹೇಳಿದ್ದರು. ನಾನಾಗ ಬೆಂಗಳೂರಿನ ಮತ್ತಿಕೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಇಂಗ್ಲೆಂಡಿನ ಗ್ರಾಹಕರ ಫೋನ್ ಎತ್ತುವ ಕೆಲಸ. ಮಧ್ಯಾಹ್ನ ಹೋದರೆ ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಲಂಡನ್‌ನಲ್ಲಿದ್ದ ಚಿಕ್ಕಪ್ಪನ ಮಗ ಆಟದ ಪೆಟ್ಟಿಗೆ ತಂದುಕೊಟ್ಟಿದ್ದರಿಂದ ನನ್ನದು ಯುರೋಪಿನ ಸರ್ವರ್ ಆಯಿತು. ತಿಂಗಳಿಗೆ 12.99 ಯೂರೋ ಅವನೇ ಕಟ್ಟುತ್ತಿದ್ದ, ಊರಿಗೆ ಬಂದಾಗ ಲೆಕ್ಕ ಚುಕ್ತಾ ಮಾಡುತ್ತಿದ್ದೆ. ಚಳಿಗಾಲದಲ್ಲಿ ಸರ್ವರಿನ ಗಡಿಯಾರದಲ್ಲಿ ಸಂಜೆ ಏಳೂವರೆಯಾದರೆ ನಮಗೆ ಸರಿಯಾಗಿ ಮಧ್ಯರಾತ್ರಿ. ಊಟ ಮುಗಿಸಿ ಕೂರುವ ಹೊತ್ತಿಗೆ ನನ್ನ ಗಿಲ್ಡ್‌ನವರು, ಅಂದರೆ ಆಟದ ತಂಡದವರು, ರೇಡ್ ಎಂಬ ಗುಂಪಿನ ದಾಳಿಗೆ ಸೇರುತ್ತಿದ್ದರು. ನನ್ನದು ಗಾಯ ವಾಸಿಮಾಡುವ ಪ್ರೀಸ್ಟ್ ಪಾತ್ರ. ಪಿಂಗ್ ಮುನ್ನೂರು ಮಿಲಿಸೆಕೆಂಡ್ ಆಸುಪಾಸು, ಅಂದರೆ ನಾನು ಒತ್ತಿದ್ದು ಅಲ್ಲಿ ತಲುಪಿ ಉತ್ತರ ಮರಳಲು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ಬೇಕು. ಪೆಟ್ಟು ಬೀಳುವ ಮುಂಚೆಯೇ ಮದ್ದು ಕಳಿಸುವುದನ್ನು ಕೈ ತಾನಾಗಿ ಕಲಿತುಕೊಂಡಿತು. ಬ್ರಾಡ್‌ಬ್ಯಾಂಡ್‌ನಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಲೆಕ್ಕವಿಲ್ಲ, ಮಿಕ್ಕ ಹೊತ್ತೆಲ್ಲ ಎಂಬಿ ಎಣಿಸಬೇಕು. ಹೊಸ ಪ್ಯಾಚ್ ಬಂದರೆ ಅಲಾರಂ ಇಟ್ಟು ಎದ್ದು ಎರಡು ಗಂಟೆಗೆ ಇಳಿಸಲು ಹಾಕುತ್ತಿದ್ದೆ.

ಬ್ಲಡ್ ಎಲ್ಫ್ ಪಾತ್ರ ಮಾಡಿ ಮೊದಲ ಸಲ ಸಿಲ್ವರ್‌ಮೂನ್ ಬಾಗಿಲು ದಾಟಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಯಾರೂ ಹಿಡಿಯದೆ ತಾವೇ ಬೀದಿ ಗುಡಿಸುವ ಪೊರಕೆಗಳು. ಘೋಷಣೆ ಕೂಗುತ್ತಾ ಗಸ್ತು ತಿರುಗುವ ಯಂತ್ರದ ಕಾವಲುಗಾರರು. ಮರ್ಡರ್ ರೋ ಎಂಬ ಕತ್ತಲ ಗಲ್ಲಿ. ಇಷ್ಟೆಲ್ಲ ಬೆಡಗಿನ ನಡುವೆ ಊರನ್ನೇ ಎರಡಾಗಿ ಸೀಳಿದ ಒಂದು ಕಪ್ಪು ಪಟ್ಟಿ. ಅದರ ಹೆಸರು ಡೆಡ್ ಸ್ಕಾರ್. ಆರ್ಥಸ್‌ನ ಸೈನ್ಯ ನಡೆದುಬಂದ ದಾರಿ. ಅದರ ಮೇಲೆ ಹುಲ್ಲು ಹುಟ್ಟುವುದಿಲ್ಲ. ಪೂರ್ವದ ಅರ್ಧದಲ್ಲಿ ಜನ ಮತ್ತೆ ಕಟ್ಟಿಕೊಂಡಿದ್ದಾರೆ, ಪಶ್ಚಿಮದ ಅರ್ಧ ಪಾಳು. ಐದು ವರ್ಷ ಹಿಂದೆ ನಾನೇ ನಡೆಸಿದ್ದ ಸೈನ್ಯದ ಹೆಜ್ಜೆ ಅದು ಅಂತ ಹೊಳೆದಾಗ ಮೌಸ್ ಮೇಲಿಂದ ಕೈ ತೆಗೆದಿದ್ದೆ.

ಅಪ್ಪ ಆಗ ಕಡೂರಿನಿಂದ ಬಂದಿದ್ದರು. ಅವರು ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದು ಹೊಲ ಅಳೆದವರು. ಹದ್ದುಬಸ್ತು, ಪೋಡಿ, ಆಕಾರಬಂದ್ ಅಂತಲೇ ನಮ್ಮ ಮನೆಯ ಮಾತು ನಡೆಯುತ್ತಿತ್ತು. ನಿದ್ದೆ ಬಾರದೆ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಯಾರು ಯಾರನ್ನು ಹೊಡೆಯುತ್ತಾರೆ ಅಂತ ಕೇಳಲಿಲ್ಲ. “ನಕ್ಷೆ ತೋರ್ಸಮ್ಮ” ಅಂದರು. ತೋರಿಸಿದೆ. ಕ್ವೆಲ್‌ಥಲಾಸ್ ಉತ್ತರದ ತುದಿಯಲ್ಲಿದೆ, ಅದರ ಕೆಳಗೆ ಪ್ಲೇಗ್‌ಲ್ಯಾಂಡ್ಸ್. “ಇದರಿಂದ ಅದಕ್ಕೆ ನಡ್ಕೊಂಡು ಹೋಗು, ನೋಡಣ” ಅಂದರು. ಹೋದೆ. ಗಡಿಯ ದ್ವಾರದೊಳಗೆ ಕಾಲಿಟ್ಟೊಡನೆ ಪರದೆ ನಿಂತು ಒಂದು ಚಿತ್ರ ಬಂತು, ಅದರಡಿಯಲ್ಲಿ ಪಟ್ಟಿ ತುಂಬತೊಡಗಿತು. ನನ್ನ ಕಂಪ್ಯೂಟರಿನಲ್ಲಿ ಅದು ತುಂಬಲು ಒಂದು ನಿಮಿಷ ಹಿಡಿಯುತ್ತಿತ್ತು. ಆಮೇಲೆ ಇನ್ನೊಂದು ಕಡೆ ಕಾಲಿಟ್ಟಿದ್ದೆ. ಅಪ್ಪ ತಲೆಯಾಡಿಸಿದರು. “ಈ ಊರಿನ ನಕ್ಷೆ ಪಕ್ಕದೂರಿಗೆ ಕೂಡ್ತಾ ಇಲ್ವಲ್ಲಮ್ಮ. ಬರೆದೋರು ಕೂಡ್ಸಿದಾರೆ, ನೆಲ ಕೂಡಿಲ್ಲ.”

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಕ್ಷೆಯ ಚಿತ್ರದಲ್ಲಿ ಕ್ವೆಲ್‌ಥಲಾಸ್ ಹಳೆಯ ಖಂಡದ ಭಾಗ. ಆದರೆ ಆಟದ ಒಳಗಿನ ಜೋಡಣೆಯಲ್ಲಿ ಅದನ್ನು ಎಕ್ಸ್‌ಪ್ಯಾನ್ಶನ್‌ನ ಹೊಸ ಲೋಕವಾದ ಔಟ್‌ಲ್ಯಾಂಡ್‌ನ ಜೊತೆ ಇಟ್ಟಿದ್ದರು. ಹಾಗಾಗಿ ಗಡಿಯಲ್ಲಿ ಲೋಡಿಂಗ್ ಸ್ಕ್ರೀನ್. ಹಾಗಾಗಿಯೇ ಬೆಟ್ಟ ಹತ್ತಿ ನೋಡಿದರೂ ಆಚೆಗೆ ಸಿಲ್ವರ್‌ಮೂನ್‌ನ ಗೋಪುರ ಕಾಣುತ್ತಿರಲಿಲ್ಲ. 2010ರ ‘ಕ್ಯಾಟಕ್ಲಿಸಮ್’ನಲ್ಲಿ ಹಳೆಯ ಖಂಡಗಳ ಮೇಲೆಲ್ಲ ಹಾರಾಡಲು ಅನುಮತಿ ಸಿಕ್ಕರೂ ಈ ನಾಡಿನ ಮೇಲೆ ಸಿಗಲಿಲ್ಲ. ಊರು 2007ರಲ್ಲಿ ಹೇಗಿತ್ತೋ ಹಾಗೇ ನಿಂತುಬಿಟ್ಟಿತು.

ಆನ್‌ಲೈನ್ ಲೋಕಕ್ಕೆ ಹೊಸ ನೆಲ ಸೇರಿಸುವ ಪದ್ಧತಿ ಇದಕ್ಕಿಂತ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಬರೀ ಅಕ್ಷರದ ಆಟ. ಅಲ್ಲಿ ಹೊಸ ಕೋಣೆ ಬೇಕಾದರೆ ಕೂತು ಬರೆದರಾಯಿತು. 1997ರ ‘ಅಲ್ಟಿಮಾ ಆನ್‌ಲೈನ್’ಗೆ ಮರುವರ್ಷವೇ ‘ದ ಸೆಕೆಂಡ್ ಏಜ್’ ಎಂಬ ಸೇರ್ಪಡೆ ಬಂತು. ಈಗ ನಾವು ಕಾಣುವ ಎಕ್ಸ್‌ಪ್ಯಾನ್ಶನ್‌ನ ಅಚ್ಚು ತಯಾರಾದದ್ದು ‘ಎವರ್‌ಕ್ವೆಸ್ಟ್’ನಲ್ಲಿ ಅಂತ ನನ್ನ ಲೆಕ್ಕ. 2000ದ ‘ರೂಯಿನ್ಸ್ ಆಫ್ ಕುನಾರ್ಕ್’ ಹೊಸ ಖಂಡವನ್ನೂ ಕೊಟ್ಟಿತು, ಲೆವೆಲ್ಲಿನ ಮಿತಿಯನ್ನು 50ರಿಂದ 60ಕ್ಕೆ ಏರಿಸಿತು. ಆ ಆಟದ ‘ಲೆಗಸಿ ಆಫ್ ಸ್ಟೀಲ್’ ಎಂಬ ಗಿಲ್ಡ್‌ನಲ್ಲಿದ್ದ ರಾಬ್ ಪಾರ್ಡೊ ಮತ್ತು ಜೆಫ್ ಕಪ್ಲಾನ್ ಮುಂದೆ ವಾರ್‌ಕ್ರಾಫ್ಟ್ ಕಟ್ಟಿದವರ ಸಾಲಿನಲ್ಲಿ ನಿಂತರು. ಅಚ್ಚು ಅಲ್ಲಿಂದ ಇಲ್ಲಿಗೆ ಬಂದದ್ದು ಹಾಗೆ.

ಲೆವೆಲ್ ಮಿತಿ ಏರಿಸುವುದರಲ್ಲಿ ಒಂದು ಕ್ರೌರ್ಯವಿದೆ. 2006ರಲ್ಲಿ ನಮ್ಮ ಗಿಲ್ಡ್ ವಾರವಾರ ನಲವತ್ತು ಜನ ಸೇರಿ ಮೋಲ್ಟನ್ ಕೋರ್ ಎಂಬ ಬೆಂಕಿಯ ಗುಹೆಗೆ ಇಳಿಯುತ್ತಿತ್ತು. ಅಲ್ಲಿ ಸಿಗುವುದು ನೇರಳೆ ಅಕ್ಷರದ ಉಡುಪು, ಬಲು ಅಪರೂಪದ್ದು. ಒಂದು ನಿಲುವಂಗಿಗಾಗಿ ನಾಲ್ಕು ತಿಂಗಳು ಕಾದಿದ್ದೆ. ಬರ್ನಿಂಗ್ ಕ್ರುಸೇಡ್ ಬಂದು ಹೊಸ ನೆಲವಾದ ಹೆಲ್‌ಫೈರ್ ಪೆನಿನ್ಸುಲಾಕ್ಕೆ ಕಾಲಿಟ್ಟರೆ, ಹತ್ತು ಹಂದಿ ಹೊಡೆಯುವಂಥ ಕೆಲಸಕ್ಕೂ ಹಸಿರು ಅಕ್ಷರದ ಸಾಧಾರಣ ಉಡುಪು ಕೊಡುತ್ತಿದ್ದರು. ನಮ್ಮ ನೇರಳೆಗಿಂತ ಅದೇ ಗಟ್ಟಿ. ರೇಡ್ ನಲವತ್ತರಿಂದ ಇಪ್ಪತ್ತೈದು ಜನಕ್ಕೆ ಇಳಿಯಿತು, ಹದಿನೈದು ಜನಕ್ಕೆ ಜಾಗವೇ ಇಲ್ಲ. ಎರಡು ವರ್ಷ ಒಟ್ಟಿಗಿದ್ದ ಗಿಲ್ಡ್ ಒಂದೇ ಚಳಿಗಾಲದಲ್ಲಿ ಒಡೆಯಿತು. ಹಳೆಯ ನೆಲದಲ್ಲಿ ಆಮೇಲೆ ಯಾರೂ ಕಾಣುತ್ತಿರಲಿಲ್ಲ. ಎಕ್ಸ್‌ಪ್ಯಾನ್ಶನ್ ಯಾವುದೇ ಇರಲಿ, ಅದು ಹೊಸದಾಗಿ ಏನು ತಂದಿತು ಅನ್ನುವುದಕ್ಕಿಂತ ಹಳೆಯದನ್ನು ಏನು ಮಾಡಿತು ಅಂತ ನೋಡುವುದನ್ನು ನಾನು ಆಗ ಕಲಿತೆ.

ಈ ಅಳತೆಗೋಲಿನಲ್ಲಿ ಕ್ಯಾಟಕ್ಲಿಸಮ್ ನನಗೆ ಅತ್ಯಂತ ನೋವಿನದು. ಆಟದ ಜನಸಂಖ್ಯೆ 1 ಕೋಟಿ 20 ಲಕ್ಷ ಮುಟ್ಟಿದ್ದ ಹೊತ್ತಿನಲ್ಲಿ ಹಳೆಯ ಎರಡು ಖಂಡಗಳನ್ನು ಒಡೆದು ಕಟ್ಟಿದರು. ಥೌಸಂಡ್ ನೀಡಲ್ಸ್ ಎಂಬ ಒಣ ಕಣಿವೆಗೆ ನೀರು ನುಗ್ಗಿಸಿದರು, ಅಲ್ಲಿನ ರೇಸಿನ ಮೈದಾನ ಮುಳುಗಿತು. ಮುಳುಗಿದ್ದನ್ನು ಮತ್ತೆ ನೋಡಬೇಕೆಂಬ ಹಂಬಲ ಎಷ್ಟಿತ್ತೆಂದರೆ, ಹಳೆಯ ಆಟವನ್ನು ಅನಧಿಕೃತವಾಗಿ ನಡೆಸುತ್ತಿದ್ದ ನೊಸ್ಟಾಲ್ರಿಯಸ್ ಎಂಬ ಸರ್ವರ್ 2016ರಲ್ಲಿ ಮುಚ್ಚಿದಾಗ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. 2019ರ ಆಗಸ್ಟ್‌ನಲ್ಲಿ ಬ್ಲಿಝಾರ್ಡ್ ತಾನೇ ‘ಕ್ಲಾಸಿಕ್’ ಅಂತ ಹಳೆಯ ಲೋಕವನ್ನು ತೆರೆದುಕೊಟ್ಟಿತು. ನಡುವೆ 2012ರ ‘ಮಿಸ್ಟ್ಸ್ ಆಫ್ ಪಂಡಾರಿಯಾ’ ಬಂದಾಗ, ಪಾಂಡಾಗಳ ನಾಡು ಮಕ್ಕಳಾಟ ಅಂತ ಮೂಗು ಮುರಿದವರೇ ವರ್ಷ ಕಳೆದ ಮೇಲೆ ಅದನ್ನು ಹೊಗಳಿದರು. 2014ರ ‘ವಾರ್‌ಲಾರ್ಡ್ಸ್ ಆಫ್ ಡ್ರೇನರ್’ ಇದರ ತಿರುವುಮುರುವು. ಬಂದಾಗ 1 ಕೋಟಿ ಜನರಿದ್ದರು, ಮರುವರ್ಷದ ಮಧ್ಯದ ಹೊತ್ತಿಗೆ ಉಳಿದವರು 56 ಲಕ್ಷ. ಮೊದಲ ನೋಟವನ್ನು ನಂಬಿ ತೀರ್ಪು ಕೊಡಬಾರದು ಅನ್ನುವುದಕ್ಕೆ ಈ ಎರಡೇ ಸಾಕು. ನಾನು ಕೆಳಗೆ ಬರೆಯುವುದನ್ನೂ ಹಾಗೇ ಓದಿ.

ಸಿಲ್ವರ್‌ಮೂನ್ ಮೇಲೆ ನನಗೆ ಇಷ್ಟು ಮೋಹ ಹುಟ್ಟಲು ಕಾರಣ ಒಂದು ಹಾರ. ಊರಿನ ದಕ್ಷಿಣಕ್ಕೆ ಘೋಸ್ಟ್‌ಲ್ಯಾಂಡ್ಸ್ ಎಂಬ ಸದಾ ಮಬ್ಬುಗತ್ತಲಿನ ಕಾಡು. ಅಲ್ಲಿ ವಿಂಡ್‌ರನ್ನರ್ ಮನೆತನದ ಪಾಳು ಗೋಪುರದಲ್ಲಿ ಕೆಲವರಿಗೆ ಒಂದು ಹಾರ ಸಿಗುತ್ತದೆ. ಅದು ಸಿಲ್ವಾನಸ್‌ಳದ್ದು. ಅಷ್ಟು ಹೊತ್ತಿಗೆ ಅವಳು ಆರ್ಥಸ್‌ನಿಂದ ಬಿಡಿಸಿಕೊಂಡು, ಅಂಡರ್‌ಸಿಟಿ ಎಂಬ ನೆಲದಡಿಯ ಊರಿಗೆ ರಾಣಿ. ಹಾರ ಒಯ್ದು ಕೊಟ್ಟರೆ ತನಗೆ ಬೇಡವೆಂಬಂತೆ ಎಸೆಯುತ್ತಾಳೆ. ಆಮೇಲೆ ಹಾಡುತ್ತಾಳೆ. ಸುತ್ತ ಎಲ್ಫ್‌ಗಳ ಆತ್ಮಗಳು ಎದ್ದು ದನಿಗೂಡಿಸುತ್ತವೆ. ನಾನು ಕೊಟ್ಟಾಗ ಅಲ್ಲಿ ಏಳೆಂಟು ಆಟಗಾರರಿದ್ದರು, ಹಾಡು ಮುಗಿಯುವ ತನಕ ಒಬ್ಬರೂ ಕದಲಲಿಲ್ಲ. ಇಪ್ಪತ್ತನೇ ಲೆವೆಲ್ಲನ್ನೂ ಮುಟ್ಟದ ಪಾತ್ರಕ್ಕೆ ಇಂಥದೊಂದನ್ನು ಇಟ್ಟಿದ್ದರಲ್ಲ, ಅದು ದೊಡ್ಡತನ. ಮರುವರ್ಷ, 2008ರ ಮಾರ್ಚ್‌ನಲ್ಲಿ, ಊರಿನ ಉತ್ತರದ ದ್ವೀಪವನ್ನು ಶತ್ರುಗಳಿಂದ ಬಿಡಿಸುವ ಕೆಲಸ ಬಂತು. ಇಡೀ ಸರ್ವರಿನ ಜನ ದಿನದಿನ ದುಡಿದಷ್ಟು ಶೇಕಡಾ ಲೆಕ್ಕ ಏರುತ್ತಿತ್ತು. ಇವತ್ತು ಒಂದು ಕಟ್ಟಡ, ವಾರ ಬಿಟ್ಟು ಬಂದರುಕಟ್ಟೆ ನಮ್ಮ ಕೈಗೆ. ಒಡೆದುಹೋದ ಗಿಲ್ಡ್‌ನ ಹಳಬರು ಅಲ್ಲಿ ಮತ್ತೆ ಸಿಕ್ಕರು.

ಈಗ ಮಿಡ್‌ನೈಟ್. ಸಾಲತಾಥ್ ಎಂಬವಳು ಕತ್ತಲೆಯ ಸೈನ್ಯ ತಂದು ಎಲ್ಫ್‌ಗಳ ಸನ್‌ವೆಲ್ ಚಿಲುಮೆಗೆ ಕೈಹಾಕುತ್ತಾಳೆ, ಕಥೆ ಅಷ್ಟು. ಹರನೀರ್ ಎಂಬ ಹೊಸ ಜನ, ಹರಂಡಾರ್ ಮತ್ತು ವಾಯ್ಡ್‌ಸ್ಟಾರ್ಮ್ ಎಂಬ ಹೊಸ ಸೀಮೆಗಳು, ಆಟಗಾರರಿಗೆ ಸ್ವಂತ ಮನೆ, ಆಟಗಾರರೇ ಬರೆದು ಸೇರಿಸಿಕೊಳ್ಳುವ ಆಡ್‌ಆನ್‌ಗಳಿಗೆ ಕಾಳಗದಲ್ಲಿ ಕಡಿವಾಣ. ಕೊನೆಯದರ ಬಗ್ಗೆ ಜಗಳ ಜೋರಾಗಿದೆ, ನನಗೆ ಅದು ಮುಖ್ಯವಲ್ಲ. ಮುಖ್ಯವಾದದ್ದು ಅವರು ಕ್ವೆಲ್‌ಥಲಾಸ್‌ಗೆ ವಾಪಸು ಬಂದದ್ದು. ಹಿಂದಿನ ಎಕ್ಸ್‌ಪ್ಯಾನ್ಶನ್‌ಗಳಲ್ಲಿ ಹೆಚ್ಚಿನವು ಹೊಸ ದ್ವೀಪಕ್ಕೋ ಹೊಸ ಪಾತಾಳಕ್ಕೋ ಕರೆದೊಯ್ದು, ಎರಡು ವರ್ಷಕ್ಕೆ ಅದನ್ನೂ ಬಿಟ್ಟು ಹೊರಡಿಸಿದವು. ಇದು ಬಿಟ್ಟುಹೋದ ಊರನ್ನು ದುರಸ್ತಿ ಮಾಡಿದೆ. ಸಿಲ್ವರ್‌ಮೂನ್ ಈಗ ಎಲ್ಲರೂ ಸೇರುವ ಮುಖ್ಯ ಊರು. ಒಂದು ಪಾಲು ಬ್ಲಡ್ ಎಲ್ಫ್‌ಗಳ ಪಕ್ಷವಾದ ಹೋರ್ಡ್‌ನವರಿಗೇ ಮೀಸಲು, ಮಿಕ್ಕದ್ದು ಎದುರು ಪಕ್ಷವಾದ ಅಲಯನ್ಸ್‌ನವರಿಗೂ ತೆರೆದಿದೆ. ಬೀಟಾದಲ್ಲಿ ಅದರ ಮೇಲೆ ಹಾರಿದೆ. ಹತ್ತೊಂಬತ್ತು ವರ್ಷ ಕೆಳಗಿಂದ ಕತ್ತೆತ್ತಿ ನೋಡಿದ ಗೋಪುರದ ನೆತ್ತಿಯನ್ನು ಮೊದಲ ಸಲ ಮೇಲಿಂದ ಕಂಡೆ. ಕಣ್ಣು ತುಂಬಿತು.

ಒಂದು ಆಕ್ಷೇಪವೂ ಇದೆ. ಘೋಸ್ಟ್‌ಲ್ಯಾಂಡ್ಸನ್ನು ಪಕ್ಕದ ಎವರ್‌ಸಾಂಗ್ ಕಾಡಿನೊಳಗೆ ಸೇರಿಸಿ ಒಂದೇ ಸೀಮೆ ಮಾಡಿದ್ದಾರೆ. ಆ ಮಬ್ಬುಗತ್ತಲು ಬೇರೆಯಾಗಿಯೇ ಇರಬೇಕಿತ್ತು. ಹಸಿರು ಕಾಡಿನಿಂದ ಸತ್ತ ಕಾಡಿಗೆ ಇಳಿಯುವಾಗ ಎದೆ ಝಲ್ಲೆನ್ನುತ್ತಿತ್ತು. ಹಾರ ಸಿಕ್ಕವರಿಗೆ ಅದರ ತೂಕ ತಿಳಿದದ್ದು ಆ ಕತ್ತಲಿನಿಂದಲೇ.

ಹಳೆಯ ಆಟಗಾರರಲ್ಲಿ ನನ್ನದೊಂದು ಕೋರಿಕೆ. ಮಾರ್ಚ್‌ಗೆ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಂಡು, ಹೋರ್ಡ್‌ನ ರಾಜಧಾನಿ ಓರ್ಗ್ರಿಮಾರ್‌ನ ಪೋರ್ಟಲ್ ಕೋಣೆಯಿಂದ ಹಳೆಯ ಸಿಲ್ವರ್‌ಮೂನ್‌ಗೆ ಹೋಗಿ ಬನ್ನಿ. ಡೆಡ್ ಸ್ಕಾರ್ ಮೇಲೆ ಪೂರ್ತಿ ನಡೆಯಿರಿ. ಪೊರಕೆಗಳ ಚಿತ್ರ ತೆಗೆದಿಟ್ಟುಕೊಳ್ಳಿ.

ಬೀಟಾದಲ್ಲಿ ನಾನು ಎಲ್ಲ ಕಡೆ ಸುತ್ತಿದರೂ ಬೇಕೆಂದೇ ದಕ್ಷಿಣದ ಗಡಿಗೆ ಮಾತ್ರ ಹೋಗಲಿಲ್ಲ. ಅಪ್ಪನಿಗೆ ಈಗ ಎಂಬತ್ತು, ಕಡೂರಿನಲ್ಲೇ ಇದ್ದಾರೆ. ಮಾರ್ಚ್ ಮೊದಲ ವಾರಕ್ಕೆ ರಜೆ ಹಾಕಿದ್ದೇನೆ. ಲ್ಯಾಪ್‌ಟಾಪ್ ಅಲ್ಲಿಗೇ ಒಯ್ದು, ಪ್ಲೇಗ್‌ಲ್ಯಾಂಡ್ಸ್‌ನಿಂದ ಸಿಲ್ವರ್‌ಮೂನ್ ಕಡೆಗೆ ಅವರ ಮುಂದೆಯೇ ನಡೆಯುತ್ತೇನೆ.