ಗಡಿ ದಾಟಿ ಬಂದ ದನಿ: ಧಾರವಾಡ ಆಕಾಶವಾಣಿಯಿಂದ ಖಾಸಗಿ ಎಫ್‌ಎಂವರೆಗೆ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಪೇಟೆ, ಕಚೇರಿ, ಶಾಲೆಗಳ ಮಾತು ಮರಾಠಿ. ಮನೆಯ ಮಾತು ಕನ್ನಡ. 1956ರಲ್ಲಿ ಬೆಳಗಾವಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು, ಕೊಲ್ಹಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಹಿರಣ್ಯಕೇಶಿ ನದಿ ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಮೊದಲಿನಂತೆಯೇ ಹರಿಯಿತು. ಕಾಗದಪತ್ರಗಳ ಭಾಷೆ ಮಾತ್ರ ನಡುದಾರಿಯಲ್ಲಿ ಬದಲಾಯಿತು. ಆ ದಿನಗಳಲ್ಲಿ ಯಾವ ಪರವಾನಗಿಯನ್ನೂ ಕೇಳದೆ ಗಡಿ ದಾಟಿ ನಮ್ಮ ಪಡಸಾಲೆಗೆ ಬರುತ್ತಿದ್ದ ಕನ್ನಡವೆಂದರೆ ಧಾರವಾಡ ಆಕಾಶವಾಣಿಯ ಕನ್ನಡ.

ಧಾರವಾಡ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಹನ್ನೆರಡು ವರ್ಷ ಕನ್ನಡ ಕಲಿಸಿ 1956ರಲ್ಲಿ ನಿವೃತ್ತರಾದ ವರಕವಿ ಬೇಂದ್ರೆಯವರು ಈ ಕೇಂದ್ರದ ಸಲಹೆಗಾರರಾಗಿ ಬಂದರು. ಗಡಿನಾಡಿನ ಕನ್ನಡದ ಏರಿಳಿತಗಳನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಸಂಗೀತದ ನಂಟು ಇನ್ನೂ ಹತ್ತಿರದ್ದು. ಅದೇ ಕೇಂದ್ರದಲ್ಲಿ ಸಂಗೀತ ಸಲಹೆಗಾರರಾಗಿದ್ದ ಮಲ್ಲಿಕಾರ್ಜುನ ಮನಸೂರರು ಜೈಪುರ-ಅತ್ರೌಲಿ ಘರಾಣೆಯ ಗಾಯಕರು. ಆ ಘರಾಣೆಯ ಮೂಲಪುರುಷ ಅಲ್ಲಾದಿಯಾ ಖಾನರು ಶಾಹು ಮಹಾರಾಜರ ಕಾಲದ ಕೊಲ್ಹಾಪುರ ದರಬಾರಿನ ಆಸ್ಥಾನ ಗಾಯಕರು. ಅವರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರೇ ಮನಸೂರರ ಗುರುಗಳು. ನಮ್ಮೂರಿನ ಗಾಯನ ಹೀಗೆ ಧಾರವಾಡಕ್ಕೆ ಹೋಗಿ, ಕನ್ನಡದ ವಚನಗಳೊಡನೆ ಬಾನುಲಿಯ ಮೂಲಕ ನಮ್ಮೂರಿಗೆ ಮರಳುತ್ತಿತ್ತು.

ಇದು ಸಾಧ್ಯವಾದದ್ದು ಮಧ್ಯಮ ತರಂಗದಿಂದ. ಧಾರವಾಡದ 765 ಕಿಲೋಹರ್ಟ್ಸ್ ಅಲೆ ನೆಲವನ್ನು ಅನುಸರಿಸಿ ಗುಡ್ಡ ಕಣಿವೆಗಳನ್ನು ಬಳಸಿಕೊಂಡು ನೂರಾರು ಕಿಲೋಮೀಟರ್ ಸಾಗಬಲ್ಲದು. ಗರಗರ ಸದ್ದು ಇರುತ್ತಿತ್ತು, ಮಳೆ ಮಿಂಚಿನ ದಿನಗಳಲ್ಲಿ ಇನ್ನೂ ಹೆಚ್ಚು. ಆದರೂ ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮ, ನಾಟಕ, ಭಾವಗೀತೆ ಎಲ್ಲವೂ ಬರುತ್ತಿದ್ದವು. 1963ರಲ್ಲಿ ಸಾಂಗಲಿ ಕೇಂದ್ರ ಆರಂಭವಾದ ಮೇಲೆ ಮರಾಠಿ ಸ್ಪಷ್ಟವಾಗಿ ಕೇಳತೊಡಗಿತು. ನಮ್ಮ ಹಿರಿಯರು ಎರಡನ್ನೂ ಕೇಳಿದರು; ರೇಡಿಯೊದ ಮುಳ್ಳು ತಿರುಗಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ವಾಣಿಜ್ಯ ಪ್ರಸಾರವೂ ನಮಗೆ ಹೊಸದಲ್ಲ. 1952ರಿಂದ ಪ್ರತಿ ಬುಧವಾರ ರಾತ್ರಿ ಸಿಲೋನ್ ರೇಡಿಯೊದಲ್ಲಿ ಅಮೀನ್ ಸಯಾನಿಯವರು ಬಿನಾಕಾ ಗೀತಮಾಲಾ ನಡೆಸಿಕೊಡುತ್ತಿದ್ದರು. ಹಲ್ಲುಜ್ಜುವ ಪೇಸ್ಟಿನ ಹೆಸರೇ ಕಾರ್ಯಕ್ರಮದ ಹೆಸರಾಗಿತ್ತು. ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಬಿದ್ದಿದ್ದ ಕಾಲವದು. ಕೇಳುಗರು ಕೊಲಂಬೊದತ್ತ ಹೊರಳಿದ್ದನ್ನು ಕಂಡು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಲಾಯಿತು. ಹತ್ತು ವರ್ಷಗಳ ಬಳಿಕ, 1967ರ ನವೆಂಬರ್‌ನಲ್ಲಿ, ಮುಂಬಯಿ, ಪುಣೆ, ನಾಗಪುರಗಳಲ್ಲಿ ಜಾಹೀರಾತುಗಳೂ ಬಂದವು.

ನಿಜವಾದ ತಿರುವು 1995ರದು. ಬಾನಲೆಗಳು ಸಾರ್ವಜನಿಕ ಸ್ವತ್ತು, ಸರಕಾರದ ಏಕಸ್ವಾಮ್ಯವಲ್ಲ ಎಂದು ಆ ವರ್ಷ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಖಾಸಗಿ ಎಫ್‌ಎಂನ ಮೊದಲ ಕೇಂದ್ರವು 2001ರ ಜುಲೈ 3ರಂದು ಬೆಂಗಳೂರಿನಲ್ಲಿ, ರೇಡಿಯೊ ಸಿಟಿಯ ಹೆಸರಿನಲ್ಲಿ ತೆರೆಯಿತು. ಕನ್ನಡನಾಡಿನ ರಾಜಧಾನಿಗೆ ಈ ಅಗ್ರಸ್ಥಾನ ಸಂದದ್ದು ಹೆಮ್ಮೆಯೇ. ಆದರೆ ಆರಂಭದ ವರ್ಷಗಳಲ್ಲಿ ಅಲ್ಲಿ ಹೆಚ್ಚಾಗಿ ಕೇಳಿಬಂದದ್ದು ಹಿಂದಿ ಮತ್ತು ಇಂಗ್ಲಿಷ್ ಹಾಡುಗಳು. 2006ರಿಂದ ಹೊಸ ಕೇಂದ್ರಗಳು ಬಂದು ಪೈಪೋಟಿ ಹೆಚ್ಚಿದ ಬಳಿಕವೇ ಕನ್ನಡ ಹಾಡಿಗೂ ಜಾಹೀರಾತು ದೊರೆಯುತ್ತದೆ ಎಂಬುದು ವ್ಯಾಪಾರಸ್ಥರಿಗೆ ಮನವರಿಕೆಯಾಯಿತು. ಬೆಂಗಳೂರಿನಲ್ಲಿಯೇ ಹೀಗಿದ್ದರೆ ಕೊಲ್ಹಾಪುರದ ಮಾತೇನು?

2005ರ ಎರಡನೆಯ ಹಂತದ ನೀತಿಯು ಈ ಉದ್ಯಮವನ್ನು ಸಣ್ಣ ನಗರಗಳಿಗೆ ತಂದಿತು. ಮೊದಲ ಹಂತದಲ್ಲಿ ಪರವಾನಗಿ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿದ್ದುದರಿಂದ ಹಲವರು ನಷ್ಟಕ್ಕೊಳಗಾಗಿದ್ದರು. ಈಗ ಆದಾಯದ ಶೇ. 4ರಷ್ಟನ್ನು ಸರಕಾರಕ್ಕೆ ಕೊಟ್ಟರೆ ಸಾಕೆಂದಾಯಿತು. 91 ನಗರಗಳಲ್ಲಿ 338 ವಾಹಿನಿಗಳನ್ನು ಹರಾಜಿಗಿಡಲಾಯಿತು. ಕೊಲ್ಹಾಪುರಕ್ಕೆ 98.3ರಲ್ಲಿ ರೇಡಿಯೊ ಮಿರ್ಚಿ, 94.3ರಲ್ಲಿ 'ಪುಢಾರಿ' ಪತ್ರಿಕಾ ಸಮೂಹದ ಟೊಮ್ಯಾಟೊ ಎಫ್‌ಎಂ ಬಂದವು. ಮೂರನೆಯ ಹಂತದಲ್ಲಿ ರೇಡಿಯೊ ಸಿಟಿಯೂ ಸೇರಿತು. ರಿಕ್ಷಾ, ಕಟಿಂಗ್ ಅಂಗಡಿ, ಚಹದಂಗಡಿಗಳಲ್ಲಿ ದನಿ ಎದ್ದಿತು. ಕೊಲ್ಹಾಪುರಿ ಮರಾಠಿಯ ಗತ್ತು ಮೊದಲ ಬಾರಿಗೆ ರೇಡಿಯೊದಲ್ಲಿ ಸಂಕೋಚವಿಲ್ಲದೆ ಕೇಳಿಬಂತು. ಅದು ಒಳ್ಳೆಯದೇ, ಆ ಮಾತಿಗೆ ನಾವೂ ನಕ್ಕಿದ್ದೇವೆ.

ಆದರೆ ಎಫ್‌ಎಂ ಅಲೆಯ ಗುಣ ಬೇರೆ. ಅದು ಕಣ್ಣಳತೆಯ ದಾರಿಯಲ್ಲಿ ಸಾಗುತ್ತದೆ, ಗುಡ್ಡ ಎದುರಾದರೆ ಸೋಲುತ್ತದೆ. ಹತ್ತಿರದ ಇಚಲಕರಂಜಿಗೆ ಅದು ಸಲೀಸು. ರಸ್ತೆಯಲ್ಲಿ ಸುಮಾರು 65 ಕಿ.ಮೀ. ದೂರದ ಗಡಹಿಂಗ್ಲಜಕ್ಕೆ ಬರುವಷ್ಟರಲ್ಲಿ ದಣಿಯುತ್ತದೆ. ಪರವಾನಗಿಯೂ ನಗರಕ್ಕೆ ಸಿಗುತ್ತದೆಯೇ ಹೊರತು ಭಾಷೆಗಲ್ಲ. ಜಾಹೀರಾತು ಕೊಡುವವರು ನಗರದ ಒಟ್ಟು ಕಿವಿಗಳನ್ನು ಎಣಿಸುತ್ತಾರೆ. ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಹಿಂದಿ ಹಾಡು ಕೇಳುವ ಕನ್ನಡಿಗ ಆ ಲೆಕ್ಕದಲ್ಲಿ ಹಿಂದಿಯ ಶ್ರೋತೃ. ನಮಗೆ ನಾಲ್ಕು ಭಾಷೆ ತಿಳಿಯುವುದೇ ಇಲ್ಲಿ ನಮಗೆ ಮುಳುವಾಗಿದೆ.

ಇನ್ನೊಂದು ನಷ್ಟ ಸದ್ದಿಲ್ಲದೆ ಆಯಿತು. ರೇಡಿಯೊ ಕೈಫೋನಿನೊಳಗೆ ಸೇರಿಕೊಂಡಾಗ ಅದರಲ್ಲಿ ಎಫ್‌ಎಂ ಮಾತ್ರ ಇತ್ತು, ಮಧ್ಯಮ ತರಂಗ ಇರಲಿಲ್ಲ. ಹಳೆಯ ಸೆಟ್ಟು ಅಟ್ಟ ಸೇರಿದ ದಿನ ಧಾರವಾಡವೂ ಅಟ್ಟ ಸೇರಿತು. ಅಲೆ ಮನೆಯ ಮೇಲೆ ಹಾಯುತ್ತಲೇ ಇತ್ತು, ಹಿಡಿಯುವ ಯಂತ್ರ ಇರಲಿಲ್ಲ. ಈಗ ಆಕಾಶವಾಣಿಯ ಮೊಬೈಲ್ ಆ್ಯಪ್‌ನಲ್ಲಿ ಧಾರವಾಡ ಕೇಂದ್ರವನ್ನು ಕೇಳಬಹುದು. ನಮ್ಮ ಮಕ್ಕಳ ಫೋನಿನಲ್ಲಿ ಅದನ್ನು ಹಾಕಿಕೊಡುವ ಕೆಲಸ ಮಾತ್ರ ನಾವೇ ಮಾಡಬೇಕು.

ಖಾಸಗಿ ಕೇಂದ್ರಗಳ ಬಾಗಿಲೂ ಪೂರ್ತಿ ಮುಚ್ಚಿದೆ ಎನ್ನಲಾಗದು. ಒಂದು ಕಂಪನಿಯು ದೇಶದಾದ್ಯಂತ ಇರುವ ತನ್ನದೇ ಕೇಂದ್ರಗಳ ನಡುವೆ ಕಾರ್ಯಕ್ರಮಗಳನ್ನು ಹಂಚಿಕೊಳ್ಳಲು 2011ರ ನೀತಿ ಅವಕಾಶ ಕೊಟ್ಟಿದೆ. ಇದರಿಂದ ಮುಂಬಯಿಯಲ್ಲಿ ಸಿದ್ಧವಾದದ್ದು ಕೊಲ್ಹಾಪುರದಲ್ಲಿ ಕೇಳಿಬಂದು ಸ್ಥಳೀಯ ದನಿ ಕುಗ್ಗಬಹುದೆಂಬ ಆತಂಕ ಉಂಟು, ಅದು ಸುಳ್ಳೂ ಅಲ್ಲ. ಆದರೆ ಅದೇ ನಿಯಮದಡಿ ಬೆಂಗಳೂರಿನಲ್ಲಿ ಸಿದ್ಧವಾದ ಕನ್ನಡ ಕಾರ್ಯಕ್ರಮವೂ ಕೊಲ್ಹಾಪುರಕ್ಕೆ ಬರಬಹುದಲ್ಲವೆ? ಎರಡೂ ಊರುಗಳಲ್ಲಿ ಕೇಂದ್ರವುಳ್ಳ ಕಂಪನಿಗಳು ಇವೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಾಕು. ಇದಕ್ಕೆ ನಿವೇದನೆಗಿಂತ ನಾಲ್ಕು ಜಾಹೀರಾತು ಹೆಚ್ಚು ಉಪಯುಕ್ತ. ನಮ್ಮ ಸಂಘಗಳ ಸದಸ್ಯರಲ್ಲಿ ಅಂಗಡಿಕಾರರು, ಮಗ್ಗದ ಮಾಲಕರು ಕಡಿಮೆಯೇನಿಲ್ಲ.

ಖಾಸಗಿ ಎಫ್‌ಎಂ ಇನ್ನೂ ತಲುಪದ 234 ನಗರಗಳಲ್ಲಿ 730 ವಾಹಿನಿಗಳ ಹರಾಜಿಗೆ ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್ 28ರಂದು ಒಪ್ಪಿಗೆ ನೀಡಿತು. ಮಾತೃಭಾಷೆಯ ಸ್ಥಳೀಯ ಕಾರ್ಯಕ್ರಮಗಳು ಹೆಚ್ಚಲಿ ಎಂಬುದು ಅದರ ಘೋಷಿತ ಉದ್ದೇಶ. ಆ ಪಟ್ಟಿಯಲ್ಲಿ ಬೆಳಗಾವಿಯ ಹೆಸರಿದೆ. ಅಲ್ಲಿ ಗೋಪುರವೊಂದು ಎದ್ದರೆ ಸಂಕೇಶ್ವರದ ಈಚೆಗೆ, ಗಡಹಿಂಗ್ಲಜದ ಮನೆಗಳಿಗೆ ಅದರ ದನಿ ಎಷ್ಟು ಸ್ಪಷ್ಟವಾಗಿ ಬಂದೀತು, ಆ ದನಿಯಲ್ಲಿ ಕನ್ನಡ ಎಷ್ಟು ಹೊತ್ತು ಇದ್ದೀತು ಎಂದು ನಾವು ಈಗಲೇ ಲೆಕ್ಕ ಹಾಕುತ್ತಿದ್ದೇವೆ.