ಗೆರೆ ನಿಲ್ಲುವ ಜಾಗ: ಕ್ರಾಂತಿಕ ಬಿಂದುವನ್ನು ಕಂಡವರು, ಅರ್ಥಮಾಡಿಕೊಂಡವರು

ಬಹುತೇಕ ಎಲ್ಲ ಶುದ್ಧ ವಸ್ತುಗಳ ತಾಪ-ಒತ್ತಡದ ಪ್ರಾವಸ್ಥಾ ನಕ್ಷೆಯಲ್ಲಿ ಘನ, ದ್ರವ, ಅನಿಲಗಳನ್ನು ಬೇರ್ಪಡಿಸುವ ಗೆರೆಗಳು ತ್ರಿಕ ಬಿಂದುವಿನಲ್ಲಿ ಕೂಡುತ್ತವೆ. ಅವುಗಳಲ್ಲಿ ದ್ರವಕ್ಕೂ ಅನಿಲಕ್ಕೂ ನಡುವಿನ ಗೆರೆ ಮೇಲೇರುತ್ತ ಹೋಗಿ ಬಯಲಿನ ನಡುವೆ ತಟ್ಟನೆ ನಿಂತುಬಿಡುತ್ತದೆ. ನೀರಿಗೆ ಆ ತುದಿ 374 ಡಿಗ್ರಿ ಸೆಲ್ಸಿಯಸ್, ಸುಮಾರು 218 ವಾಯುಭಾರ. ಇಂಗಾಲದ ಡೈಆಕ್ಸೈಡಿಗೆ 31 ಡಿಗ್ರಿ, ಸುಮಾರು 73 ವಾಯುಭಾರ. ಈ ಕ್ರಾಂತಿಕ ಬಿಂದು 1822ರಲ್ಲಿ ಪತ್ತೆಯಾಯಿತೆಂಬುದು ವಾಡಿಕೆಯ ಮಾತು. ವಿದ್ಯಮಾನ ಕಣ್ಣಿಗೆ ಬಿದ್ದದ್ದು ಆಗಲೇ ನಿಜ. ಆದರೆ ಅದರ ಅರ್ಥ ತಿಳಿದದ್ದು ಸುಮಾರು ಅರ್ಧ ಶತಮಾನದ ನಂತರ, ಬೆಲ್‌ಫಾಸ್ಟಿನಲ್ಲಿ ಎಂಬುದು ನನ್ನ ವಾದ.

ಆ ವರ್ಷ ಫ್ರಾನ್ಸಿನ ಕಾನ್ಯಾರ್ ದ ಲಾ ಟೂರ್ ಬಂದೂಕಿನ ನಳಿಗೆಯೊಳಗೆ ದ್ರವವನ್ನೂ ಒಂದು ಕಲ್ಲಿನ ಗುಂಡನ್ನೂ ಹಾಕಿ, ಬಾಯಿ ಮುಚ್ಚಿ ಕಾಯಿಸಿದ. ನಳಿಗೆಯನ್ನು ಅತ್ತಿತ್ತ ವಾಲಿಸಿದಾಗ ಗುಂಡು ಉರುಳುವ ಸದ್ದು ಒಂದು ಹಂತದಲ್ಲಿ ಬದಲಾಯಿತು: ಒಳಗಿನ ದ್ರವ ಇಲ್ಲವಾಗಿತ್ತು. ಗಾಜಿನ ಕೊಳವೆಯಲ್ಲಿ ಆಲ್ಕೋಹಾಲ್, ಈಥರುಗಳನ್ನು ಕಾಯಿಸಿದಾಗ ಅದೇ ಕಣ್ಣಿಗೂ ಕಂಡಿತು. ಆದರೆ ಬಾಯಿ ಮುಚ್ಚಿದ ಕೊಳವೆಗೆ ಒಂದು ಮಿತಿಯಿದೆ. ಅದರ ಗಾತ್ರ ಬದಲಾಗದು. ತಾಪ ಏರಿದಂತೆ ಒತ್ತಡವೂ ತಾನಾಗಿ ಏರುತ್ತದೆ. ಹಾಗಾಗಿ ಪ್ರಯೋಗ ಒಂದೇ ಹಾದಿಯಲ್ಲಿ ಸಾಗಬೇಕು. ಗಡಿಯೊಂದಿದೆ ಎಂಬುದನ್ನು ಅದು ತೋರಿಸಬಲ್ಲದು. ಆ ಗಡಿಯ ಸುತ್ತ ಬಳಸಿ ಹೋಗಬಹುದೆಂಬುದನ್ನು ತೋರಿಸಲಾರದು.

ಥಾಮಸ್ ಆಂಡ್ರ್ಯೂಸ್ ಮುರಿದದ್ದು ಈ ಕಟ್ಟನ್ನು. ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಈ ರಸಾಯನಶಾಸ್ತ್ರಜ್ಞ ಕೂದಲೆಳೆಯಂಥ ಗಾಜಿನ ನಳಿಕೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಪಾದರಸದಿಂದ ಬಂಧಿಸಿ, ಕೆಳಗೆ ಉಕ್ಕಿನ ತಿರುಪನ್ನು ತಿರುಗಿಸಿ ಒತ್ತಡ ಹೆಚ್ಚಿಸುತ್ತಿದ್ದ. ತಾಪ ನಳಿಕೆಯ ಸುತ್ತಲಿನ ನೀರಿನ ಕೈಯಲ್ಲಿ, ಒತ್ತಡ ತಿರುಪಿನ ಕೈಯಲ್ಲಿ. ಒಂದರ ಹಂಗು ಇನ್ನೊಂದಕ್ಕಿಲ್ಲ. ಅವನು ಆರಿಸಿಕೊಂಡ ಅನಿಲವೂ ಅನುಕೂಲದ್ದೇ, ಅದರ ಗಡಿ ದಾಟಲು ಉಗುರುಬೆಚ್ಚಗಿನ ನೀರು ಸಾಕು. (ನಮ್ಮ ಕರಾವಳಿಯ ಬೇಸಿಗೆಯ ಮಧ್ಯಾಹ್ನಕ್ಕೆ ಆ ನೀರೂ ಬೇಡ.) 13.1 ಡಿಗ್ರಿಯಲ್ಲಿ ಸುಮಾರು 49 ವಾಯುಭಾರಕ್ಕೆ ಅನಿಲ ಥಟ್ಟನೆ ದ್ರವವಾಗತೊಡಗಿತು. 30.92 ಡಿಗ್ರಿಯಲ್ಲಿ ಎರಡರ ನಡುವಿನ ಮೇಲ್ಮೈ ಮಸುಕಾಗಿ ಮಾಯವಾಯಿತು. ಅಲ್ಲಿಂದ ಒತ್ತಡವನ್ನು ಥಟ್ಟನೆ ಇಳಿಸಿದರೆ ನಳಿಕೆಯ ತುಂಬ ನಡುಗುವ ಎಳೆಗಳು ಕಾಣಿಸಿಕೊಳ್ಳುತ್ತಿದ್ದವು. 1869ರ ಉಪನ್ಯಾಸದಲ್ಲಿ ಅವನು ವಿವರಿಸಿದ ಒಂದು ಹಾದಿ ಎಲ್ಲಕ್ಕಿಂತ ಮುಖ್ಯ: 50 ಡಿಗ್ರಿಯಲ್ಲಿ ಅನಿಲವನ್ನು 150 ವಾಯುಭಾರದವರೆಗೆ ಒತ್ತಿ, ಆಮೇಲೆ ಕೋಣೆಯ ತಾಪಕ್ಕೆ ತಣಿಸಿದರೆ, ಹೊರಟದ್ದು ಅನಿಲ, ತಲುಪಿದ್ದು ದ್ರವ. ನಡುವೆ ಎಲ್ಲಿಯೂ ಕುದಿತವಿಲ್ಲ, ಹನಿಗಟ್ಟುವಿಕೆಯಿಲ್ಲ.

ಇಲ್ಲಿ ಆಕ್ಷೇಪಕ್ಕೆ ಎಡೆಯಿದೆ. ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್‌ಗಳು ಸಾಮಾನ್ಯ ತಾಪದಲ್ಲಿ ಎಷ್ಟು ಒತ್ತಿದರೂ ದ್ರವವಾಗವು ಎಂದು ಫ್ಯಾರಡೆ 1845ರಲ್ಲೇ ಊಹಿಸಿದ್ದ. 1861ರಲ್ಲಿ ಮೆಂಡಲೀವ್ 'ಪರಮ ಕುದಿತಾಪ' ಎಂಬ ಕಲ್ಪನೆಯನ್ನು ಮುಂದಿಟ್ಟಿದ್ದ. ಹಾಗಾದರೆ ಆಂಡ್ರ್ಯೂಸ್ ಹೊಸದಾಗಿ ಹೇಳಿದ್ದೇನು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಮೆಂಡಲೀವನ ಪದವನ್ನೇ ಗಮನಿಸಿ: ಅದು ಒಂದು ತಾಪದ ಹೆಸರು, ಇತ್ತ ದ್ರವ, ಅತ್ತ ಆವಿ ಎಂದು ಬೇಲಿ ಹಾಕುವ ಹೆಸರು. ಬೇಲಿ ಒಂದೆಡೆ ಮುಗಿಯುತ್ತದೆ, ಅದರ ಕೊನೆಯನ್ನು ಸುತ್ತುಹಾಕಿ ಈಚೆಯಿಂದ ಆಚೆಗೆ ಹೋಗಬಹುದು ಎಂಬ ಮಾತು ಅದರಲ್ಲಿಲ್ಲ. ಆಂಡ್ರ್ಯೂಸನ ಸಮತಾಪ ರೇಖೆಗಳು, ಅಂದರೆ ಒಂದೊಂದು ತಾಪದಲ್ಲೂ ಒತ್ತಡದೊಂದಿಗೆ ಗಾತ್ರ ಬದಲಾಗುವ ಬಗೆಯನ್ನು ತೋರುವ ಗೆರೆಗಳು, ಹೇಳಿದ್ದು ಅದನ್ನೇ.

ಈ ತಿಳಿವು ಬಲುಬೇಗ ಫಲ ಕೊಟ್ಟಿತು. ಅದೇ ಊರಿನ ಜೇಮ್ಸ್ ಥಾಮ್ಸನ್ 1871ರಲ್ಲಿ ಅನಿಲ ದ್ರವವಾಗುವಲ್ಲಿ ಆ ರೇಖೆಗಳು ಮುರಿದ ಭಾಗವನ್ನು ಅಲೆಯಂಥ ಅಖಂಡ ವಕ್ರವಾಗಿ ಎಳೆದ; 'ತ್ರಿಕ ಬಿಂದು' ಎಂಬ ಹೆಸರೂ ಅವನದೇ. 1873ರಲ್ಲಿ ಲೈಡನ್ನಿನಲ್ಲಿ ವಾನ್ ಡರ್ ವಾಲ್ಸ್ ಅನಿಲ ಮತ್ತು ದ್ರವ ಸ್ಥಿತಿಗಳ ಸಾತತ್ಯವನ್ನೇ ತನ್ನ ಪ್ರಬಂಧದ ಶೀರ್ಷಿಕೆಯಾಗಿಸಿ, ಎರಡಕ್ಕೂ ಒಂದೇ ಸಮೀಕರಣ ಕೊಟ್ಟ. ಘನಕ್ಕೂ ದ್ರವಕ್ಕೂ ಇಂಥ ಸಾತತ್ಯ ಇದ್ದೀತೇ ಎಂಬ ಪ್ರಶ್ನೆಯನ್ನೂ ಆಂಡ್ರ್ಯೂಸ್ ಎತ್ತಿದ್ದ, ಅದು ಇನ್ನೂ ಕಠಿಣವೆಂದು ಬಿಟ್ಟಿದ್ದ. ಇಂದು ತಿಳಿದಂತೆ, ದ್ರವ ಮತ್ತು ಅನಿಲಗಳಲ್ಲಿ ಅಣುಗಳು ಒಂದೇ ಬಗೆಯಲ್ಲಿ ಚದುರಿರುತ್ತವೆ, ಸಾಂದ್ರತೆಯಲ್ಲಿ ಮಾತ್ರ ಹೆಚ್ಚುಕಡಿಮೆ. ಹರಳಿನ ಸಾಲುಗಟ್ಟಿದ ವಿನ್ಯಾಸವಾದರೋ ಇರಬೇಕು, ಇಲ್ಲವೇ ಇಲ್ಲದಿರಬೇಕು. ಮೆಲ್ಲಮೆಲ್ಲಗೆ ಮೂಡಲು ಬಾರದು. ಮಂಜುಗಡ್ಡೆ ಕರಗುವ ಗೆರೆಗೆ ಅಂಥ ತುದಿ ಇದುವರೆಗೆ ಎಲ್ಲಿಯೂ ಕಂಡಿಲ್ಲ.