ಗಿಡ್ಡ ಸುಗಂಧರಾಜದ ಪೂರ್ವಕಥೆ



ನಾವು ಸುಗಂಧರಾಜವೆನ್ನುವ ಹೂವು ಬೀದರ ನಗರದ ಉರ್ದು ಮಾತಿನಲ್ಲಿ ಗುಲ್‌ಶಬ್ಬು. ಭಾಲ್ಕಿ, ಔರಾದಗಳ ಮರಾಠಿಗರಿಗೆ ನಿಶಿಗಂಧ. ಮೂರು ನುಡಿಗಳಲ್ಲಿ ಮೂರು ಹೆಸರು ಪಡೆದ ಗಿಡವು ಈ ಸೀಮೆಗೆ ಹೊಸತೆಂದು ಯಾರು ತಾನೆ ಶಂಕಿಸಿಯಾರು? ಕೋಟೆಯ ಲಾಲ್‌ಬಾಗಿನಲ್ಲಿ ನಿಂತು, ಬಹಮನಿ ಸುಲ್ತಾನರ ಉದ್ಯಾನಗಳಲ್ಲಿಯೂ ಇದೇ ಕಂಪು ಹರಡಿದ್ದಿತೆಂದು ನಾವು ಒಮ್ಮೆ ವಿದ್ಯಾರ್ಥಿಗಳಿಗೆ ಹೇಳಿಬಿಟ್ಟೆವು. ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಗಿದೆ.

ಸುಗಂಧರಾಜದ ತವರು ಮೆಕ್ಸಿಕೋ. ಅಲ್ಲಿಯ ಪೂರ್ವನಿವಾಸಿಗಳು ಇದನ್ನು ಎಲುಬಿನ ಹೂವೆಂಬ ಅರ್ಥದ ಹೆಸರಿನಿಂದ ಕರೆದು ಬೆಳೆಸುತ್ತಿದ್ದರು. ಬೀದರದಲ್ಲಿ ಮದರಸೆಯನ್ನು ಕಟ್ಟಿಸಿದ ಮಹಮೂದ್ ಗವಾನನು ಮರಣದಂಡನೆಗೆ ಗುರಿಯಾದುದು 1481ರಲ್ಲಿ. ಕೊಲಂಬಸನು ಅಮೆರಿಕೆಯ ದ್ವೀಪಗಳನ್ನು ಕಂಡುದು 1492ರಲ್ಲಿ. ಯುರೋಪಿನ ತೋಟಗಳಿಗೇ ಈ ಗೆಡ್ಡೆ ಬಂದುದು ಹದಿನಾರನೆಯ ಶತಮಾನದಲ್ಲಿ. ಹಾಗಾದರೆ ಆ ಪಾರಸಿ ಹೆಸರು? ಇರಾನಿನಲ್ಲಿ ಶಬ್ಬು ಎಂದರೆ ಇರುಳಿನಲ್ಲಿ ಕಂಪುಬೀರುವ ಬೇರೊಂದು ಹೂ, ಸಾಸಿವೆಯ ಕುಲದ್ದು. ಹಳೆಯ ಹೆಸರು ಹೊಸ ಗಿಡಕ್ಕೆ ಅಂಟಿಕೊಂಡಿತು. ನಾವು ಹೆಸರಿನ ವಯಸ್ಸನ್ನೇ ಗಿಡದ ವಯಸ್ಸೆಂದು ಎಣಿಸಿದೆವು.

ಈ ಹೂವಿನ ಮೂಲರೂಪಕ್ಕೆ ಆರೇ ಎಸಳು. ಹಲವು ಸುತ್ತಿನ ತಳಿಯನ್ನು ಬೀಜದಿಂದ ಪಡೆದವನು ಹಾಲೆಂಡಿನ ಲೈಡನ್ ನಗರದ ಲೆ ಕೂರ್. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರನು ಬರೆದಿಟ್ಟಂತೆ, ಈ ಮಹಾಶಯನು ನೆಡಲು ಸ್ಥಳವಿಲ್ಲದಷ್ಟು ಗೆಡ್ಡೆಗಳಾದ ಮೇಲೂ ಅವನ್ನು ಯಾರಿಗೂ ಕೊಡದೆ, ಮಿಕ್ಕುದನ್ನು ಕತ್ತರಿಸಿ ಹಾಕಿಸಿದನು. ಇಡೀ ಯುರೋಪಿನಲ್ಲಿ ಆ ಹೂವು ತನ್ನೊಬ್ಬನಲ್ಲಿಯೇ ಇದೆಯೆಂಬ ಹೆಮ್ಮೆಗಾಗಿ! ಲೋಭಕ್ಕೆ ಹೊನ್ನೇ ಬೇಕೆಂದಿಲ್ಲವಷ್ಟೆ.

ಗಿಡ್ಡ ತಳಿಯದು ಬೇರೆಯ ಕಥೆ. 1870ರ ಸುಮಾರಿಗೆ ನ್ಯೂಯಾರ್ಕಿನ ಫ್ಲಷಿಂಗ್ ಎಂಬಲ್ಲಿ ಜಾನ್ ಹೆಂಡರ್ಸನ್ ಎಂಬವನು, ಸುತ್ತು ಹೂವಿನ ಗಿಡಗಳ ನಡುವೆ, ಉಳಿದವಕ್ಕಿಂತ ಗಿಡ್ಡವಾಗಿದ್ದೂ ದೊಡ್ಡ ಹೂ ಬಿಟ್ಟ ಒಂದನ್ನು ಗುರುತಿಸಿದನು. ಪರ್ಲ್, ಅಂದರೆ ಮುತ್ತು, ಎಂಬ ಹೆಸರಿನಿಂದ ಅದು ಲೋಕಕ್ಕೆ ಪರಿಚಯವಾಯಿತು. ಇದನ್ನು ಮರಿಗೆಡ್ಡೆಗಳಿಂದಲೇ ಹೆಚ್ಚಿಸುವುದರಿಂದ, ಅಸಲಾದ ಪ್ರತಿಯೊಂದು ಪರ್ಲ್ ಗೆಡ್ಡೆಯೂ ಆ ಒಂದೇ ಗಿಡದ ತುಂಡು. ಬೀದರದ ಅಂಗಳದಲ್ಲಿ ಅದು ಅರಳಿದರೆ, ಅದರ ವಂಶಾವಳಿಯು ಹೋಗಿ ಮುಟ್ಟುವುದು ಸುಲ್ತಾನರ ಬಾಗನ್ನಲ್ಲ, ಫ್ಲಷಿಂಗಿನ ಆ ಗಿಡವನ್ನು.

ನೆಡುವವರಿಗೆ ಒಂದು ಮಾತು: ಬೀದರ ನಗರದ ಕೆಂಪು ಮುರಕಲ್ಲಿನ ನೆಲದಲ್ಲಿ ನೀರು ಬೇಗ ಬಸಿಯುತ್ತದೆ. ಭಾಲ್ಕಿ, ಔರಾದಗಳ ಎರೆಯಲ್ಲಿ ಮಡಿಯನ್ನು ಎತ್ತರಿಸದಿದ್ದರೆ ಗೆಡ್ಡೆ ಮಳೆಗಾಲದಲ್ಲಿಯೇ ಕೊಳೆತುಹೋಗುತ್ತದೆ.